ನೆಗೆಣ್ಣಿಯ ರವಿವಾರಗಳು

ಎರಡೂ ಕೈತುಂಬ ಹಸಿರು ಗಾಜಿನ ಬಳೆಗಳು. ಅವನ್ನು ಏರುವಷ್ಟು ಮೇಲಕ್ಕೆ ಏರಿಸಿ, ಕೆಳಗೆ ಜಾರದಂತೆ ಅಗಲವಾದ ರಬ್ಬರ್ ಬ್ಯಾಂಡ್ ಹಾಕಿ, ಬಿಳಿ ಕೋಟಿನ ತೋಳನ್ನು ಮೇಲೆ ಎಳೆದುಕೊಂಡಳು. ಆಮೇಲೆ ಕೈಗವಸು. ಗಾಜಿನ ಬಾಗಿಲಿನ ಎದುರು ನಿಂತು ಒಮ್ಮೆ ಕೈ ಕೊಡವಿ ನೋಡಿದಳು. ಒಂದು ಬಳೆಯೂ ಸದ್ದು ಮಾಡಲಿಲ್ಲ. ನನ್ನ ನೆಗೆಣ್ಣಿ ಲ್ಯಾಬಿಗೆ ಕೆಲಸಕ್ಕೆ ಬಂದ ಮೊದಲ ದಿನ ಅದು.

ಅವಳು ನನ್ನ ಮೈದುನನ ಹೆಂಡತಿ. ಗಂಗಾವತಿಯ ನಮ್ಮ ಮನೆಗೆ ನಾನು ಹಿರಿ ಸೊಸೆ, ಅವಳು ಕಿರಿ ಸೊಸೆ. ಅದೇ ಲ್ಯಾಬಿಗೆ ನಾನು ಸೇರಿದಾಗ ಮಾಲೀಕರಾದ ಡಾಕ್ಟರು, "ಬಳಿ ತೆಗೆದಿಟ್ಟು ಬರ್ರಿ, ಟ್ಯೂಬಿಗೆ ಬಡೀತಾವ" ಎಂದಿದ್ದರು. ನಾನು ತೆಗೆದಿದ್ದೆ. ನನ್ನ ಬೋಳು ಕೈ ನೋಡಿ ಅತ್ತೆ ಎಷ್ಟೋ ದಿನ ನನ್ನ ಕೈಯಿಂದ ನೀರೂ ಇಸಿದುಕೊಂಡಿರಲಿಲ್ಲ. ಇವಳು ನೋಡಿದರೆ ಒಂದು ರಬ್ಬರ್ ಬ್ಯಾಂಡಿನಲ್ಲಿ ಡಾಕ್ಟರನ್ನೂ ಅತ್ತೆಯನ್ನೂ ಒಟ್ಟಿಗೇ ಗೆದ್ದುಬಿಟ್ಟಳು. ಇಷ್ಟು ಸಣ್ಣ ಉಪಾಯ ನನಗೇಕೆ ಹೊಳೆಯಲಿಲ್ಲ ಎಂದು ಆ ದಿನವೆಲ್ಲ ಹೊಟ್ಟೆ ಉರಿಯಿತು.

ನೆಗೆಣ್ಣಿಯರ ನಡುವೆ ಹೊಟ್ಟೆಕಿಚ್ಚು ಹೊಸದೇನಲ್ಲ. ಸೀರೆ, ಬಂಗಾರ, ತವರಿನವರು ತಂದದ್ದು, ಅತ್ತೆ ಯಾರನ್ನು ಮೊದಲು ಕೂಗಿದರು ಎನ್ನುವುದು, ಇವೆಲ್ಲ ಎಲ್ಲ ಮನೆಯಲ್ಲೂ ಇರುತ್ತವೆ. ನಮ್ಮದು ಮಾತ್ರ ಒಂದು ಮಷೀನಿನಿಂದ ದೊಡ್ಡದಾಯಿತು.

ಅವಳ ತವರು ತಾವರಗೇರಾ. ಮಾತು ಕಡಿಮೆ, ನಗು ಹೆಚ್ಚು. ನಕ್ಕರೆ ಮುಂದಿನ ಒಂದು ಹಲ್ಲು ಇನ್ನೊಂದರ ಮೇಲೆ ಹತ್ತಿ ಕೂತದ್ದು ಕಾಣುತ್ತಿತ್ತು. ಅದಕ್ಕೂ ಅವಳಿಗೆ ನಾಚಿಕೆ ಇರಲಿಲ್ಲ. ಓದಿದ್ದು ನಾನು ಓದಿದ್ದನ್ನೇ, ರಕ್ತ ಮೂತ್ರ ಪರೀಕ್ಷೆಯ ವಿದ್ಯೆ. ನಾನು ಡಿಪ್ಲೊಮಾ, ಅವಳು ಡಿಗ್ರಿ. "ಒಂದ ಮನಿ ಹೆಣ್ಣಮಕ್ಕಳು, ಒಂದ ಕಡೆ ಹೋಗಿ ಬರ್ಲಿ" ಎಂದು ಅತ್ತೆಯೇ ಹಟ ಹಿಡಿದರು. ಡಾಕ್ಟರ ಹತ್ತಿರ ಅವಳ ಮಾತೆತ್ತಿದವಳು ನಾನೇ.

ಆಗ ನಮ್ಮ ಲ್ಯಾಬಿನಲ್ಲಿ ಎಲ್ಲ ಕೈಕೆಲಸ. ಸಕ್ಕರೆ ನೋಡಬೇಕೆಂದರೂ ಒಂದೊಂದು ಟ್ಯೂಬಿಗೆ ದ್ರಾವಣ ಹಾಕಿ, ಕಾದು, ಒಂದೊಂದಾಗಿ ನೋಡಬೇಕು. ಸುತ್ತಲಿನ ಕ್ಯಾಂಪುಗಳಲ್ಲಿ ಗದ್ದೆ ಮಾಡಿಕೊಂಡು ನೆಲೆಸಿದ ತೆಲುಗಿನವರು, ಮರಳಿ ಊರಿನ ಕಡೆಯ ರೈತರು, ಎಲ್ಲರೂ ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು. ಆಮೇಲೆ ಡಾಕ್ಟರು ಪೂರ್ತಿ ಆಟೋಮ್ಯಾಟಿಕ್ ಮಷೀನು ತರಿಸಿದರು. ದುಂಡನೆಯ ತಟ್ಟೆಯಲ್ಲಿ ಟ್ಯೂಬುಗಳನ್ನು ಜೋಡಿಸಿಟ್ಟರೆ ಸಾಕು, ಸೂಜಿ ತಾನೇ ಇಳಿದು, ತಾನೇ ಹೀರಿ, ತಾನೇ ತೊಳೆದುಕೊಂಡು ಮುಂದಿನದಕ್ಕೆ ಹೋಗುತ್ತಿತ್ತು. ಇನ್ನು ಇಷ್ಟು ಜನ ಬೇಕಾಗುವುದಿಲ್ಲ ಎಂದು ನಾವೆಲ್ಲ ಹೆದರಿ ಗೋಡೆಗೆ ಒರಗಿ ನಿಂತಿದ್ದೆವು. ಅವಳೊಬ್ಬಳೇ ಹತ್ತಿರ ಹೋಗಿ, ಕೂಸಿನ ತೊಟ್ಟಿಲಿಗೆ ಬಗ್ಗಿದಂತೆ ಬಗ್ಗಿ ನೋಡಿದಳು.

ತರಬೇತಿಗೆ ಹೈದರಾಬಾದಿಗೆ ಒಬ್ಬರನ್ನು ಕಳಿಸಬೇಕಿತ್ತು. ಹಿರಿಯಳು ನಾನು. ಡಾಕ್ಟರು ನನ್ನ ಮುಖ ನೋಡಿಯೇ ಅವಳ ಹೆಸರು ಹೇಳಿದರು.

ತಿರುಗಿ ಬಂದವಳು ಮಷೀನಿನ ಒಡತಿಯೇ ಆದಳು. ದಿನಾ ಬೆಳಿಗ್ಗೆ ರೋಗಿಗಳ ರಕ್ತ ಹಾಕುವ ಮೊದಲು, ಉತ್ತರ ಮೊದಲೇ ಗೊತ್ತಿರುವ ಒಂದು ದ್ರಾವಣ ಹಾಕಿ ಮಷೀನು ಸರಿಯಾಗಿ ಹೇಳುತ್ತದೆಯೋ ಇಲ್ಲವೋ ನೋಡಬೇಕು. ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಸಾಲು ಎಷ್ಟೇ ಉದ್ದ ಇರಲಿ, ಅದು ಮುಗಿಯದೆ ಒಂದು ರಿಪೋರ್ಟನ್ನೂ ಅವಳು ಹೊರಗೆ ಬಿಡುತ್ತಿರಲಿಲ್ಲ. ಜನ ಗದ್ದಲ ಮಾಡಿದರೆ ಹೇಳುತ್ತಿದ್ದಳು: "ಮಷೀನು ಹೊಸ ಸೊಸಿ ಇದ್ದಂಗ್ರಿ. ಬಂದ ದಿನ ಊರ ಮಂದಿ ನೋಡಾಕ ಬರ್ತಾರ. ತಿಂಗಳಾದ ಮ್ಯಾಲ ಉಂಡ್ಲೋ ಇಲ್ಲೋ ಅಂತ ಯಾರೂ ಕೇಳಂಗಿಲ್ಲ. ನಾ ಕೇಳಾಕತ್ತೀನಿ, ಸ್ವಲ್ಪ ತಡೀರಿ."

ಜನ ನಕ್ಕು ಕೂಡುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಹಳೆಯ ಸೊಸೆಯನ್ನು ಯಾರು ಕೇಳಿದರು?

ಲ್ಯಾಬ್ ಕೆಲಸದವರ ನಮ್ಮ ಬಳಗ ಹುಟ್ಟಿದ್ದು ಒಂದು ಫೋನಿನಿಂದ. ಯಲಬುರ್ಗಾದ ಸಣ್ಣ ಲ್ಯಾಬೊಂದರಲ್ಲಿ ಒಬ್ಬಳೇ ಕೆಲಸ ಮಾಡುತ್ತಿದ್ದ ಹುಡುಗಿಯ ಮಷೀನು ಕೂಗುತ್ತ ನಿಂತುಬಿಟ್ಟಿತ್ತು. ಹುಬ್ಬಳ್ಳಿಯಿಂದ ಇಂಜಿನಿಯರ್ ಬರುವುದು ತಡ ಎಂದಿದ್ದರಂತೆ. ಯಾರೋ ಅವಳಿಗೆ ನನ್ನ ನೆಗೆಣ್ಣಿಯ ನಂಬರು ಕೊಟ್ಟಿದ್ದರು. ನಾವು ರೊಟ್ಟಿ ಬಡಿಯುತ್ತ ಕೂತಿದ್ದೆವು. ಇವಳು ಹಿಟ್ಟುಗೈಯಲ್ಲೇ ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು, "ಅಳಬ್ಯಾಡ ತಂಗಿ. ನೀರಿನ ಪೈಪ್ ನೋಡು. ನಡುವ ಗುಳ್ಳಿ ಕಾಣ್ತೈತೇನು? ಹಂಗಾರ ಸಾವಕಾಶ ಬಿಚ್ಚು" ಎನ್ನುತ್ತ ಹೇಳಿಕೊಟ್ಟಳು. ಮಷೀನು ನಡೆಯಿತು. ನಾನು ಹೆಂಚಿನ ಮೇಲಿದ್ದ ಅವಳ ರೊಟ್ಟಿಯನ್ನೂ ಮಗುಚಿ ಹಾಕಿದೆ.

ಆಮೇಲೆ ಕುಷ್ಟಗಿಯಿಂದ ಫೋನು, ಕೊಪ್ಪಳದಿಂದ ಫೋನು. ಅದು ಬಡಿದುಕೊಂಡಾಗಲೆಲ್ಲ ನನ್ನ ಹೊಟ್ಟೆಗೆ ಖಾರ ಬಿದ್ದಂತಾಗುತ್ತಿತ್ತು. ಒಬ್ಬರಾದರೂ ನನ್ನ ನಂಬರು ಯಾಕೆ ಕೇಳುವುದಿಲ್ಲ? ಕೊನೆಗೆ ಅವಳೇ, "ಒಬ್ಬೊಬ್ಬರಿಗೆ ಹೇಳೂದಕ್ಕಿಂತ ತಿಂಗಳಿಗೆ ಒಂದ ಸಲ ಎಲ್ಲಾರೂ ಕೂಡೂಣು, ಬರೂದನ್ನ ಒಬ್ಬರಿಗೊಬ್ಬರು ಹೇಳಿಕೊಡೂಣು" ಎಂದು ಜಿಲ್ಲೆಯ ನಾಲ್ಕೂ ತಾಲೂಕಿನವರಿಗೆ ಸುದ್ದಿ ಮುಟ್ಟಿಸಿದಳು.

ಮೊದಲ ರವಿವಾರ ಕೊಪ್ಪಳದ ಒಂದು ಸಾಲೆಯ ಕೋಣೆಯಲ್ಲಿ ಸೇರಿದೆವು. ನಾನೂ ಹೋಗಿದ್ದೆ. ನಿಜ ಹೇಳಬೇಕೆಂದರೆ ಅವಳು ತೊದಲುವುದನ್ನು ನೋಡಲು ಹೋಗಿದ್ದೆ. ಅವಳು ಎದ್ದು ನಿಂತು, "ನನಗೇನು ಬರೂದಿಲ್ಲ ಅನ್ನೂದನ್ನ ಮೊದಲ ಹೇಳಿಬಿಡ್ತೀನ್ರಿ, ಅದನ್ನ ನೀವು ನನಗ ಕಲಿಸ್ರಿ" ಎಂದಳು. ಕೋಣೆಯೆಲ್ಲ ಅವಳದಾಯಿತು. ನಾವು ವರ್ಷಗಟ್ಟಲೆ ಬರುತ್ತದೆ ಬರುತ್ತದೆ ಎಂದು ತೋರಿಸಿಕೊಂಡು ದಣಿದವರು. ಆ ಒಂದು ಮಾತಿಗೆ ಎಲ್ಲರ ಬಾಯಿ ಬಿಚ್ಚಿತು.

ಊಟದ ಹೊತ್ತಿಗೆ, ಬಳಗಕ್ಕೆ ಒಬ್ಬರು ಅಧ್ಯಕ್ಷರು ಬೇಕು ಎಂಬ ಮಾತು ಬಂತು. ಸಂಬಳವಿಲ್ಲ, ಬಸ್ಸಿನ ಖರ್ಚೂ ಕೈಯಿಂದಲೇ. ಆದರೂ ನಾನು ಸೆರಗು ಸರಿ ಮಾಡಿಕೊಂಡೆ. ವಯಸ್ಸಿನಲ್ಲೂ ಅನುಭವದಲ್ಲೂ ನಾನೇ ಹಿರಿಯಳು.

"ಮೇಡಮ್ಮಾರ ಆಗ್ಲಿ" ಎಂದರು ಎಲ್ಲರೂ, ಅವಳ ಕಡೆ ಕೈ ಮಾಡಿ.

"ನಮ್ಮ ಅಕ್ಕ ಹಿರಿಯರದಾರಲ್ರಿ" ಎಂದಳು ಅವಳು.

"ಹಿರಿಯರು ಸಲಹಾ ಕೊಡ್ಲಿ ಬಿಡ್ರಿ" ಎಂದ ಕುಷ್ಟಗಿಯ ಒಬ್ಬ ಟೆಕ್ನಿಶಿಯನ್. ಹೀಗೆ ನಾನು ಸಲಹೆಗಾರ್ತಿಯಾದೆ. ಆಮೇಲೆ ಯಾರೂ ಒಂದು ಸಲಹೆಯನ್ನೂ ಕೇಳಲಿಲ್ಲ.

ಅವಳ ರವಿವಾರಗಳು ಹೀಗೆ ಶುರುವಾದವು. ಒಂದು ತಿಂಗಳು ಕುಷ್ಟಗಿ, ಇನ್ನೊಂದು ತಿಂಗಳು ಯಲಬುರ್ಗಾ. ನಸುಕಿನಲ್ಲೆದ್ದು ತನ್ನ ಪಾಲಿನ ಅಡುಗೆ ಮುಗಿಸಿ, ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದಳು. ಯಾವುದೋ ಮಷೀನು ಕಂಪನಿಯವನು ಬಂದು ಎಲ್ಲರಿಗೂ ಹೋಟೆಲ್ ಊಟ, ಬ್ಯಾಗು ಕೊಡುತ್ತೇವೆ ಎಂದಾಗ, "ಬುತ್ತಿ ನಾವ ತರ್ತೀವ್ರಿ. ನೀವು ಬಂದು ಪಂಪ್ ಬಿಚ್ಚೂದು ಕಲಿಸ್ರಿ ಸಾಕು" ಎಂದು ಕಳಿಸಿದಳು. ಕೆಲಸ ಹುಡುಕುವ ಹೊಸಬರಿಗೆ ಎಲ್ಲಿ ಜಾಗ ಖಾಲಿ ಇದೆಯೆಂದು ಹೇಳುತ್ತಿದ್ದಳು, ಸಂದರ್ಶನದಲ್ಲಿ ಹೇಗೆ ಮಾತಾಡಬೇಕೆಂದು ಕಲಿಸುತ್ತಿದ್ದಳು. ಅವಳು ಮನೆಗೆ ಬಂದಾಗ ನನ್ನ ಮಗಳು ಓಡಿಹೋಗಿ, "ಕಾಕು, ಇವತ್ತ ಏನಾತು ಹೇಳು" ಎಂದು ಪಕ್ಕದಲ್ಲಿ ಕೂಡುತ್ತಿದ್ದಳು. ನಾನೂ ಅದೇ ಕೆಲಸದಿಂದಲೇ ದಿನಾ ಬರುತ್ತಿದ್ದೆ. ನನ್ನನ್ನು ಮಗಳು ಒಂದು ದಿನವೂ ಹಾಗೆ ಕೇಳಿದವಳಲ್ಲ.

ಅತ್ತೆ ಓಣಿಯವರ ಮುಂದೆ, "ನಮ್ಮ ಸಣ್ಣ ಸೊಸಿ ಅಧ್ಯಕ್ಷಿ ಅದಾಳ" ಎನ್ನುತ್ತಿದ್ದರು. ಯಾವುದರ ಅಧ್ಯಕ್ಷೆ ಎಂದು ಅವರಿಗೂ ಗೊತ್ತಿರಲಿಲ್ಲ, ಕೇಳಿದವರಿಗೂ ಗೊತ್ತಾಗುತ್ತಿರಲಿಲ್ಲ.

ಒಂದು ಮಳೆಗಾಲ ಎಲ್ಲೆಡೆ ಡೆಂಗ್ಯೂ. ರಕ್ತದಲ್ಲಿ ಪ್ಲೇಟ್‌ಲೆಟ್ ಕಡಿಮೆಯಾದರೆ ಜೀವಕ್ಕೆ ಅಪಾಯ ಎಂದು ಜನ ಗಾಬರಿಯಾಗಿದ್ದರು. ಒಂದೇ ರಕ್ತವನ್ನು ಎರಡು ಲ್ಯಾಬಿನಲ್ಲಿ ಹಾಕಿ ತಾಳೆ ನೋಡುವ ಪದ್ಧತಿಯನ್ನು ಅವಳು ಬಳಗದಲ್ಲಿ ತಂದಿದ್ದಳು. ಯಲಬುರ್ಗಾದ ಆ ಹುಡುಗಿ ತನ್ನಲ್ಲಿ ಪ್ಲೇಟ್‌ಲೆಟ್ ತೀರ ಕಡಿಮೆ ಬಂದ ಕೆಲವು ಸ್ಯಾಂಪಲ್‌ಗಳನ್ನು ಬಸ್ಸಿನಲ್ಲಿ ಕಳಿಸಿದಳು. ನಮ್ಮಲ್ಲಿ ಆಮೇಲೆ ತರಿಸಿದ್ದ, ರಕ್ತಕಣ ಎಣಿಸುವ ಸಣ್ಣ ಮಷೀನಿನಲ್ಲಿ ಎಲ್ಲವೂ ಸರಿಯಾಗೇ ಬಂದವು. ನೆಗೆಣ್ಣಿ ಅವನ್ನು ಗಾಜಿನ ಮೇಲೆ ಹಚ್ಚಿ ನನ್ನ ಕಡೆ ಸರಿಸಿದಳು. "ಅಕ್ಕಾ, ನೀವೂ ಒಂದ್ ಸಲ ನೋಡ್ರಿ." ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕಣಗಳು ಬೇಕಾದಷ್ಟಿದ್ದವು. ಕೆಟ್ಟದ್ದು ಅಲ್ಲಿಯ ಮಷೀನು.

ಅವಳು ಕೂಡಲೇ ಫೋನು ಮಾಡಿದಳು. "ತಂಗಿ, ಮಷೀನು ರಿಪೇರಿ ಆಗೂ ತನಕ ಪ್ಲೇಟ್‌ಲೆಟ್ ರಿಪೋರ್ಟ್ ಕೊಡಬ್ಯಾಡ. ಮಂದಿ ಸುಮ್ಮನ ಹೆದರಿ ದೊಡ್ಡ ಊರಿಗೆ ಓಡಾಕತ್ತಾರ." ಹುಡುಗಿ ಕೊಡುವುದನ್ನು ನಿಲ್ಲಿಸಿದಳು. ಅವಳ ಮಾಲೀಕನಿಗೆ ಸಿಟ್ಟು ಬಂತು, ಸುಗ್ಗಿಯ ಹೊತ್ತಿನಲ್ಲಿ ಅಂಗಡಿ ಮುಚ್ಚಿಸಿದರೆಂದು. ಆತ ನಮ್ಮ ಡಾಕ್ಟರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಅಂದ.

ನಮ್ಮ ಡಾಕ್ಟರು ಕೆಟ್ಟವರಲ್ಲ. ಆದರೆ ಜಗಳಕ್ಕೆ ಹೆದರುವವರು. ಅವಳನ್ನು ಕರೆದು ನಮ್ಮೆಲ್ಲರ ಎದುರಿಗೇ ಹೇಳಿದರು: "ಮಂದಿ ಲ್ಯಾಬಿನ ಉಸಾಬರಿ ನಮಗ್ಯಾಕಮ್ಮ? ಒಂದ ಆ ಬಳಗ ಬಿಡು, ಇಲ್ಲಾ ಈ ಕೆಲಸ ಬಿಡು."

"ನಾಳೆ ಹೇಳ್ತೀನ್ರಿ ಸರ್" ಎಂದಳು.

ಅಂದು ಸಂಜೆ ಮನೆಯಲ್ಲಿ ಎಲ್ಲರೂ ಪಡಸಾಲೆಯಲ್ಲಿ ಕೂತೆವು. "ಬಳಗ ಬಿಡು, ಅದರಾಗೇನು ರೊಟ್ಟಿ ಹುಟ್ಟತಾವ?" ಎಂದರು ಅತ್ತೆ. ಮೈದುನ ರೈಸ್ ಮಿಲ್ಲಿನಲ್ಲಿ ಮ್ಯಾನೇಜರ್. ನೆಲ ನೋಡುತ್ತ, "ಅಕಿಗೆ ಸರಿ ಕಂಡದ್ದು ಮಾಡ್ಲಿ" ಎಂದ. ಅವಳು ನನ್ನ ಕಡೆ ತಿರುಗಿದಳು.

"ಅಕ್ಕಾ, ನೀವೇನಂತೀರಿ? ಆ ಕೆಲಸದ ಬೆಲಿ ಗೊತ್ತಿದ್ದವರು ಈ ಮನ್ಯಾಗ ನೀವೊಬ್ಬರ."

ಅವಳು ಹೋದರೆ ಮಷೀನು ನನ್ನದಾಗುತ್ತದೆ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. "ಆ ಹುಡುಗಿಗೆ ನೀ ಹೇಳಿದ್ದು ಖರೇ ಐತಿ. ಮುಂದಿಂದು ನಿನಗ ಬಿಟ್ಟದ್ದು" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಮರುದಿನ ಅವಳು ಕೆಲಸ ಬಿಟ್ಟಳು. ಕೋಟನ್ನು ಮಡಚಿ ಮೇಜಿನ ಮೇಲಿಟ್ಟು, ಎಲ್ಲರಿಗೂ ಹೇಳಿ, ನಗುತ್ತಲೇ ಹೋದಳು. ಡಾಕ್ಟರು ನನಗೆ, "ಇನ್ನ ಮಷೀನ್ ನಿಮ್ಮ ಕೈಯಾಗ್ರಿ" ಎಂದರು. ಎಷ್ಟು ವರ್ಷ ಕಾದ ಮಾತು! ಅವಳ ಕುರ್ಚಿಯಲ್ಲಿ ಕೂತೆ. ಎತ್ತರ ನನಗೆ ಸರಿಹೊಂದಲಿಲ್ಲ, ಕಾಲು ನೆಲಕ್ಕೆ ಮುಟ್ಟಲಿಲ್ಲ. ಆದರೂ ಏಳಲಿಲ್ಲ.

ಅದೇ ವಾರ ಹೊಸ ಬಾಟಲಿಯ ದ್ರಾವಣ ಹಾಕಿದಾಗ ಮಷೀನು ಕೆಂಪು ಅಕ್ಷರದಲ್ಲಿ ಏನೋ ಹೇಳತೊಡಗಿತು. ಒತ್ತುವ ಗುಂಡಿಗಳು ನನಗೆ ಗೊತ್ತಿದ್ದವು. ಅದು ಮುನಿಸಿಕೊಂಡರೆ ಸಮಾಧಾನ ಮಾಡುವುದು ಗೊತ್ತಿರಲಿಲ್ಲ. ಯಾರನ್ನು ಕೇಳಲಿ? ಬಚ್ಚಲಿಗೆ ಹೋಗಿ ನಿಂತು ಮನೆಗೆ ಫೋನು ಮಾಡಿದೆ.

ಅವಳು ಒಂದೂ ಚುಚ್ಚುಮಾತು ಆಡಲಿಲ್ಲ. "ಹೆದರಬ್ಯಾಡ್ರಿ ಅಕ್ಕಾ, ಅದು ನನಗೂ ಹಂಗ ಮಾಡಿತ್ತು" ಎಂದು ಒಂದೊಂದೇ ಹೆಜ್ಜೆ ಹೇಳಿದಳು. ಆಮೇಲೆ ದಿನಾ ಸಂಜೆ ಅಡುಗೆಮನೆಯಲ್ಲಿ, ಬೇಳೆ ಬೇಯುವ ತನಕ, ನನಗೆ ಪಾಠ. ಹಿಟ್ಟು ನಾದುವ ಪರಾತವೇ ಮಷೀನಿನ ತಟ್ಟೆ, ಸುತ್ತಲೂ ಜೋಡಿಸಿದ ಲೋಟಗಳೇ ಟ್ಯೂಬುಗಳು, ಸೌಟೇ ಸೂಜಿ. ತಾನು ಕಳೆದುಕೊಂಡದ್ದನ್ನು ಪಡೆದವಳಿಗೆ ತಾನೇ ಕೂತು ಕಲಿಸುತ್ತಿದ್ದಳು. ಒಮ್ಮೆಯಾದರೂ ಬೈದಿದ್ದರೆ, ಅತ್ತಿದ್ದರೆ, ನಾನು ಗೆದ್ದೆ ಎಂದು ಅನ್ನಿಸುತ್ತಿತ್ತು. ಆ ಸುಖವನ್ನೂ ಅವಳು ನನಗೆ ಉಳಿಸಲಿಲ್ಲ. ಇಂಥ ಮನಸ್ಸು ಅವಳಿಗೆ ಎಲ್ಲಿಂದ ಬಂತು, ನನಗೇಕೆ ಬರಲಿಲ್ಲ ಎಂದು ಹೊಸದೊಂದು ಉರಿ ಹತ್ತಿಕೊಂಡಿತು.

ಸಂಬಳವಿಲ್ಲದ ಆ ದಿನಗಳಲ್ಲೂ ಅವಳ ರವಿವಾರ ತಪ್ಪಲಿಲ್ಲ. ಯಲಬುರ್ಗಾದ ಮಾಲೀಕ ಮಷೀನು ರಿಪೇರಿ ಮಾಡಿಸಿದ. ರಕ್ತ ಹಾಯುವ ಸಣ್ಣ ತೂತು ಕಟ್ಟಿಕೊಂಡಿತ್ತಂತೆ. ಹುಡುಗಿಯ ಕೆಲಸವೂ ಉಳಿಯಿತು. ಈ ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಕೊಪ್ಪಳದ ಒಂದು ಆಸ್ಪತ್ರೆಯವರು ತಮ್ಮ ಇಡೀ ಲ್ಯಾಬನ್ನು ನೋಡಿಕೊಳ್ಳಲು ಅವಳನ್ನು ಕರೆದರು. ನಮ್ಮಲ್ಲಿ ಒಂದೆರಡು ಮಷೀನಿದ್ದರೆ ಅಲ್ಲಿ ಸಾಲು ಮಷೀನು. ಗಂಡ ಹೆಂಡತಿ ಕೊಪ್ಪಳಕ್ಕೆ ಹೋದರು. ಇನ್ನಾದರೂ ತಣ್ಣಗಿರಬಹುದು ಎಂದುಕೊಂಡೆ. ಸಂಜೆ ಅಡುಗೆಮನೆಗೆ ಹೋದರೆ ಮಾತಾಡಲು ಯಾರೂ ಇರಲಿಲ್ಲ. ಅದಕ್ಕೂ ಅವಳ ಮೇಲೇ ಸಿಟ್ಟು ಬಂತು.

ಒಬ್ಬರೇ ಬಹಳ ದಿನ ಅಧ್ಯಕ್ಷರಾಗಿರಬಾರದು ಎಂದು ಬಳಗಕ್ಕೆ ನಿಯಮ ಮಾಡಿದವಳು ಅವಳೇ. ತನ್ನ ಸರದಿ ಮುಗಿದಾಗ ಇಳಿದಳು. ನಾನು ಈ ಸಲ ಬಾಯಿಬಿಟ್ಟು, ನಾನು ಆಗುತ್ತೇನೆ ಎಂದೆ. ಈಗ ನನಗೂ ಮಷೀನು ಬರುತ್ತಿತ್ತು. ಇನ್ನೊಂದು ಹೆಸರು ಯಲಬುರ್ಗಾದ ಆ ಹುಡುಗಿಯದು. ಕೈ ಎತ್ತಿ ಆರಿಸುವುದು ಎಂದಾಯಿತು. ನಾನು ಬೇರೆ ಯಾರ ಕೈಯನ್ನೂ ನೋಡಲಿಲ್ಲ, ನೆಗೆಣ್ಣಿಯ ಕೈಯನ್ನೇ ನೋಡಿದೆ. ಅದು ಹುಡುಗಿಗಾಗಿ ಮೇಲೆದ್ದಿತು. ಹುಡುಗಿ ಅಧ್ಯಕ್ಷೆಯಾದಳು.

ಸಭೆ ಮುಗಿದ ಮೇಲೆ ಹೊರಗೆ ಬೇವಿನ ಗಿಡದ ಕೆಳಗೆ ಅವಳನ್ನು ನಿಲ್ಲಿಸಿ ಕೇಳಿದೆ. "ಒಂದ ಮನಿಯವರು ನಾವು. ನನಗ ಯಾಕ ಕೈ ಎತ್ತಲಿಲ್ಲ ನೀನು?"

ಅವಳು ಕಣ್ಣು ತಪ್ಪಿಸಲಿಲ್ಲ. "ಅಕ್ಕಾ, ಸಿಟ್ಟ ಮಾಡಬ್ಯಾಡ್ರಿ. ಅಕಿಗೆ ಈ ಬಳಗ ಬೇಕಾಗೈತಿ. ನಿಮಗ ನಾ ಕುಂತಿದ್ದ ಜಾಗ ಬೇಕಾಗಿತ್ತು."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಎಷ್ಟೋ ತಿಂಗಳು ಅವಳೊಡನೆ ಮಾತು ಬಿಟ್ಟೆ. ಆದರೆ ಬಳಗಕ್ಕೆ ಹೋಗುವುದನ್ನು ಬಿಡಲಿಲ್ಲ. ಬಿಟ್ಟರೆ ಅವಳ ಮಾತು ನಿಜವಾಗುತ್ತಿತ್ತು. ಆ ಹಟಕ್ಕೇ ಪ್ರತಿ ತಿಂಗಳು ಹೋದೆ, ಹೊಸ ಹುಡುಗರಿಗೆ ಗಾಜಿನ ಮೇಲೆ ರಕ್ತ ಹಚ್ಚಿ ಓದುವುದನ್ನು ಕಲಿಸಿದೆ. ಕಲಿಸುತ್ತ ಕಲಿಸುತ್ತ, ಅವರು ಬರುವುದನ್ನೇ ನಾನು ಕಾಯತೊಡಗಿದ್ದೆ. ಅದು ಯಾವಾಗ ಶುರುವಾಯಿತೋ ನನಗೆ ತಿಳಿಯದು.

ಈ ವರ್ಷ ಮಗಳ ಪಿಯುಸಿ ಮುಗಿಯಿತು. ಮುಂದೇನು ಎಂದರೆ, "ಕಾಕು ಓದಿದ್ದ ಓದ್ತೀನಿ, ಕೊಪ್ಪಳಕ್ಕ ಹೋಗಿ ಕಾಕು ಮನ್ಯಾಗ ಇರ್ತೀನಿ" ಎಂದಳು.

"ಅದನ್ನ ನಿಮ್ಮವ್ವನೂ ಓದ್ಯಾಳ" ಎಂದೆ.

"ನೀ ಒಂದಿನಾನೂ ನಗಿ ಮಕಾ ಮಾಡಕೊಂಡು ಲ್ಯಾಬಿಂದ ಬಂದಿದ್ದು ನಾ ನೋಡಿಲ್ಲವ್ವಾ" ಎಂದಳು ಮಗಳು. ಅವಳು ಕೋಪದಿಂದ ಹೇಳಲಿಲ್ಲ. ಕಂಡದ್ದನ್ನು ಹೇಳಿದಳು.

ಮೊನ್ನೆ ಅವಳನ್ನು ಬಿಡಲು ಕೊಪ್ಪಳಕ್ಕೆ ಹೋದೆ. ನೆಗೆಣ್ಣಿ ಬಾಗಿಲಲ್ಲೇ ನಿಂತಿದ್ದಳು. ತಲೆಯಲ್ಲಿ ಅಲ್ಲಲ್ಲಿ ಬೆಳ್ಳಿ ಮೂಡಿತ್ತು. ಮಗಳು ತನ್ನ ಕೋಣೆ ನೋಡಲು ಒಳಗೆ ಹೋದಾಗ ನಾವಿಬ್ಬರೂ ಹೊರಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತೆವು. ನಾನೇ ಮಾತು ತೆಗೆದೆ:

"ಹೈದರಾಬಾದ್ ಟ್ರೇನಿಂಗ್ ನಿನಗ ಹೋತು, ಅಧ್ಯಕ್ಷಗಿರಿ ನಿನಗ ಹೋತು, ಈಗ ನನ್ನ ಮಗಳೂ ನಿನ್ನ ಕಡೇನ ಬಂದ್ಲು."

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಅಕ್ಕಾ, ನೀವು ನನ್ನ ಮ್ಯಾಲ ಹೊಟ್ಟಿಕಿಚ್ಚು ಪಡ್ತೀರಂತ ನನಗ ಮೊದಲಿನಿಂದಾನೂ ಗೊತ್ತೈತ್ರಿ. ಲ್ಯಾಬಿನ್ಯಾಗ ಉಳಿದವರೆಲ್ಲ ನನ್ನ ಹೊಗಳತಿದ್ರು, ನೋಡತಿರಲಿಲ್ಲ. ನೀವೊಬ್ಬರ ನೋಡತಿದ್ರಿ. ನಾ ಎಲ್ಲಿ ತಪ್ಪತೀನಿ ಅಂತ ಕಾಯತಿದ್ರಿ. ನಿಮ್ಮ ಕಣ್ಣಿಗೆ ಹೆದರಿ ನಾ ಕೆಲಸ ಕಲತೀನ್ರಿ. ಈಗ ಇಲ್ಲಿ ಅಂಥ ಕಣ್ಣು ಒಂದೂ ಇಲ್ಲ. ಭಾಳ ಸಲ ನೆನಸತೀನಿ."

ಅವಳಿಲ್ಲದಿದ್ದರೆ ನಾನು ಇಂದಿಗೂ ಮಷೀನಿಗೆ ಹೆದರಿ ಗೋಡೆಗೆ ಒರಗಿಯೇ ನಿಂತಿರುತ್ತಿದ್ದೆ. ಅದನ್ನು ಹೇಳಬೇಕಿತ್ತು. "ಚಹಾ ಆರಿ ಹೋತು" ಎಂದಷ್ಟೇ ಹೇಳಿ ಕಪ್ಪು ಕೆಳಗಿಟ್ಟೆ. ಅವಳು ಅದನ್ನು ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದಳು.

ಇಬ್ಬರೂ ನನ್ನನ್ನು ಬಸ್ ಸ್ಟ್ಯಾಂಡಿನ ತನಕ ಬಿಡಲು ಬಂದರು. ಗಂಗಾವತಿ ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಮಗಳು ಅವಳ ತೋಳಿಗೆ ತೋಳು ಸಿಕ್ಕಿಸಿಕೊಂಡು ನಿಂತು ಏನನ್ನೋ ಕೇಳುತ್ತಿದ್ದಳು. ಅವಳು ತಲೆ ಬಗ್ಗಿಸಿ, ಬೇರೆ ಯಾರೂ ಲೋಕದಲ್ಲಿಲ್ಲವೆಂಬಂತೆ ಉತ್ತರ ಹೇಳುತ್ತಿದ್ದಳು. ನನ್ನ ಕಡೆ ಇಬ್ಬರೂ ನೋಡಲಿಲ್ಲ. ಕಂಡಕ್ಟರ್ ಬಂದು ಆಧಾರ್ ಕೇಳಿದ. ನನ್ನ ಮುಖ ನೋಡಿ, "ಯಾಕ್ರಿ ಅಕ್ಕಾ, ಯಾರನ್ನ ಬಿಟ್ಟು ಬಂದ್ರಿ?" ಎಂದ.

"ಮಗಳನ್ನ" ಎಂದೆ. ಸ್ವಲ್ಪ ತಡೆದು, "ತಂಗೀನೂ" ಎಂದೆ.